ಅಟ್ಟದ ಮೇಲಿನ ಮಾದರಿ ಗಾದಿ

ಹನ್ನೊಂದು ವರ್ಷ ನನ್ನನ್ನು ಸುತ್ತಿ, ಹಗ್ಗ ಬಿಗಿದು, ಹಾಸ್ಟೆಲಿನ ಅಟ್ಟದ ಮೇಲೆ ಇಟ್ಟರು. ಅದರಲ್ಲಿ ಹತ್ತು ವರ್ಷ ಆ ಹಾಸ್ಟೆಲಿನ ಅರವತ್ತೆರಡು ಹುಡುಗಿಯರು ನೆಲದ ಮೇಲೆ ಮಲಗಿದರು.

ನಾನು ಒಂದು ಗಾದಿ. ಅರಳೆ ತುಂಬಿದ ಗಾದಿ. ಆರಡಿ ಉದ್ದ, ಮೂರಡಿ ಅಗಲ, ಮೈತುಂಬ ನೀಲಿ ಪಟ್ಟೆ. ನನ್ನನ್ನು ಮಾಡಿದವಳು ಗದಗಿನ ದಾವಲಬಿ ನದಾಫ. ಅವಳ ಮಾವ ಬಿಲ್ಲು ಹಿಡಿದು ಅರಳೆ ಹಿಂಜುತ್ತಿದ್ದನಂತೆ. ಅವಳ ಕಾಲಕ್ಕೆ ಹಿಂಜುವ ಯಂತ್ರ ಬಂದಿತ್ತು. ಯಂತ್ರ ಬಂದರೂ ತುಂಬುವುದು ಕೈಯೇ, ಹೊಲಿಯುವುದು ದಬ್ಬಣವೇ.

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಾದಿ ಬೇಕೆಂದು ಬಂದವರಿಗೆ ಉದ್ದಗಲ ಕೇಳುತ್ತಿರಲಿಲ್ಲ. ಅಂಗಳದಲ್ಲಿ ಜಮಖಾನ ಹಾಸಿ ಮಲಗಿಸುತ್ತಿದ್ದರು. ಮೊದಲು ಅಂಗಾತ, ಆಮೇಲೆ ಮಗ್ಗುಲಿಗೆ. ಹೆಂಗಸರಾದರೆ ದಾವಲಬಿ, ಗಂಡಸರಾದರೆ ಅವಳ ಗಂಡ, ಸೊಂಟದ ಕೆಳಗೆ ಅಂಗೈ ತೂರಿಸಿ ನೋಡುತ್ತಿದ್ದರು. ನೆಲಕ್ಕೂ ಸೊಂಟಕ್ಕೂ ನಡುವೆ ಎಷ್ಟು ಸಂದು ಇದೆಯೋ ಅಲ್ಲಿಗೆ ಅಷ್ಟು ಅರಳೆ ಹೆಚ್ಚು. ಹೊಲ ಮಾಡುವವರ ಗಾದಿ ಬೇರೆ, ಗಲ್ಲಾ ಮೇಲೆ ಕೂರುವವರ ಗಾದಿ ಬೇರೆ.

ನನ್ನನ್ನು ತುಂಬುವಾಗಲೂ ಅವಳು ಕೇಳಿದಳು, ಇದು ಯಾರ ಮೈಗೆ ಎಂದು. ಹಾಸ್ಟೆಲಿಗೆ ಗಾದಿ ಪೂರೈಸುವ ಗುತ್ತಿಗೆದಾರ ಬಾಗಿಲಲ್ಲೇ ನಿಂತು ನಕ್ಕ.

"ಸರಕಾರದ್ದವ್ವಾ ಇದು. ಸರಕಾರಕ್ಕ ಎಲ್ಲಿ ಮೈ ಇರತೈತಿ? ಸುಮ್ಮನ ತುಂಬು."

ಅವಳಿಗೆ ಸಮಾಧಾನವಾಗಲಿಲ್ಲ. ಹೊಲಿಗೆ ಮುಗಿದ ಮಧ್ಯಾಹ್ನ ತಾನೇ ನನ್ನ ಮೇಲೆ ಅಡ್ಡಾದಳು. ಒಂದು ತಾಸು ಗಾಢವಾಗಿ ನಿದ್ದೆ ಹೋದಳು. ಎದ್ದವಳೇ ಮಗ್ಗುಲ ಹೊಲಿಗೆ ಬಿಚ್ಚಿ, ಸೊಂಟದ ಜಾಗಕ್ಕೆ ಎರಡು ಹಿಡಿ ಅರಳೆ ಸೇರಿಸಿ ಮತ್ತೆ ಹೊಲಿದಳು. ಅದು ನಾನು ಕಂಡ ಮೊದಲ ನಿದ್ದೆ. ಎರಡನೆಯದಕ್ಕೆ ಎಷ್ಟು ಕಾಯಬೇಕಾಗುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ಗುತ್ತಿಗೆದಾರ ನನ್ನನ್ನು ಒಂದು ಕಚೇರಿಯ ಉದ್ದನೆಯ ಮೇಜಿನ ಮೇಲೆ ಬಿಚ್ಚಿ ಹಾಸಿದ. ಸುತ್ತ ಐದು ಜನ ಕೂತಿದ್ದರು. ಅದು ಖರೀದಿ ಸಮಿತಿ. ಒಬ್ಬೊಬ್ಬರೂ ಹೆಬ್ಬೆರಳಿನಿಂದ ನನ್ನನ್ನು ಒತ್ತಿದರು, ಕೈ ತೆಗೆದರು, ನಾನು ಮೇಲೆದ್ದೆ. ಅದನ್ನು ನೋಡಿ ತಲೆಯಾಡಿಸಿದರು. ಸೊಂಟದ ತೀರ್ಪನ್ನು ಹೆಬ್ಬೆರಳು ಕೊಟ್ಟಿತು. ನನ್ನ ಮೂಲೆಗೆ ಒಂದು ಚೀಟಿ ಹೊಲಿದು, ಅದರ ಮೇಲೆ ಐದು ಸಹಿ ಮಾಡಿ, ಕೆಂಪು ಅರಗಿನ ಮುದ್ರೆ ಒತ್ತಿದರು. ಅವತ್ತಿನಿಂದ ನಾನು ಗಾದಿಯಲ್ಲ, ಮಾದರಿ. ಮುಂದೆ ಬರುವ ಅರವತ್ತೆರಡು ಗಾದಿಗಳು ನನ್ನಂತೆಯೇ ಇರಬೇಕು, ಹೋಲಿಸಿ ನೋಡಲು ನಾನು ಹಾಸ್ಟೆಲಿನಲ್ಲಿ ಇರಬೇಕು ಎಂಬುದು ನಿಯಮ.

ಬಂದವು. ಅದೇ ನೀಲಿ ಪಟ್ಟೆ. ಒಳಗೆ ಮಾತ್ರ ಗಿರಣಿಯ ಕಸ, ಹರಿದ ಚಿಂದಿಯ ಪುಡಿ. ಹೋಲಿಸಿ ನೋಡಲು ನನ್ನನ್ನು ಯಾರೂ ಕರೆಯಲಿಲ್ಲ. ಮೊದಲ ಮಳೆಗಾಲಕ್ಕೇ ಅವು ರೊಟ್ಟಿಯಂತೆ ತೆಳ್ಳಗಾದವು, ಅಲ್ಲಲ್ಲಿ ಗಂಟು ಕಟ್ಟಿದವು, ಆಮೇಲೆ ತಿಗಣೆ ಬಿದ್ದವು. ವರ್ಷ ತುಂಬುವುದರೊಳಗೆ ಅವನ್ನು ಹಿತ್ತಲಿನಲ್ಲಿ ಒಟ್ಟಿ ಸುಟ್ಟರು. ಹುಡುಗಿಯರು ಚಾಪೆಗೆ ಇಳಿದರು. ಮನೆಯಿಂದ ಕೌದಿ ತಂದವರು ಪುಣ್ಯವಂತರು.

ನಾನು ಅಟ್ಟದ ಮೇಲೆ ಇದ್ದೆ. ಜಿಲ್ಲೆಯಿಂದ ಯಾರಾದರೂ ತನಿಖೆಗೆ ಬರುತ್ತಾರೆಂದರೆ ಮಾತ್ರ ನನ್ನನ್ನು ಇಳಿಸಿ, ಒಂದು ಕಬ್ಬಿಣದ ಮಂಚದ ಮೇಲೆ ಹಾಸಿ, ಮೇಲೊಂದು ಹೂವಿನ ಚಾದರ ಹೊದಿಸುತ್ತಿದ್ದರು. "ಮಕ್ಕಳಿಗೆ ಇಂಥಾವ ಕೊಟ್ಟೇವ್ರಿ" ಎಂದು ವಾರ್ಡನ್ ಪ್ರಮೀಳಾ ಮೇಡಂ ಹೇಳುತ್ತಿದ್ದರು. ಬಂದವರು ಹೆಬ್ಬೆರಳಿನಿಂದ ಒತ್ತಿ, ಚಹಾ ಕುಡಿದು, ಹೋಗುತ್ತಿದ್ದರು. ಪ್ರಮೀಳಾ ಮೇಡಂ ಕೆಟ್ಟವರಲ್ಲ. ಹೆದರಿದವರು. ಮೇಲಿನವರು ಹೇಳಿದ್ದನ್ನು ಮಾಡುವುದೇ ನೌಕರಿ ಎಂದು ನಂಬಿದ್ದವರು. ಹುಡುಗಿಯರಿಗೆ ಜ್ವರ ಬಂದರೆ ತಮ್ಮ ಮನೆಯಿಂದ ಗಂಜಿ ಮಾಡಿ ತರುತ್ತಿದ್ದರು. ಮರುದಿನ ನನ್ನನ್ನು ತೋರಿಸಿ ಸುಳ್ಳೂ ಹೇಳುತ್ತಿದ್ದರು. ಎರಡನ್ನೂ ಒಂದೇ ಕೈಯಿಂದ ಮಾಡುವ ಜನರನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ಅಟ್ಟದ ಕೆಳಗೇ ತರಕಾರಿ ಹೆಚ್ಚುವ ಜಾಗ. ಹುಡುಗಿಯರ ಮಾತೆಲ್ಲ ನನಗೆ ಕೇಳುತ್ತಿತ್ತು. ಹುಲಿಗೆಮ್ಮ ಎಂಬವಳ ದನಿಯನ್ನು ನಾನು ಗುರುತು ಹಿಡಿದದ್ದು ಹಾಗೆಯೇ. ಪಿಯುಸಿ ಎರಡನೆಯ ವರ್ಷ. ಸಣ್ಣವಳಿದ್ದಾಗಿನಿಂದ ರಜೆ ಬಂತೆಂದರೆ ಬೀಜದ ಹತ್ತಿಯ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸಿ ಬೀಜ ಕಟ್ಟಿಸುವ ಕೂಲಿ ಮಾಡಿದವಳು. ದಿನವೆಲ್ಲ ಬಾಗಿ ಬಾಗಿ ಅವಳ ಸೊಂಟ ಹೋಗಿತ್ತು. ಆ ಸೊಂಟ ನೆಲಕ್ಕೆ ತಾಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಹಗಲು ತರಗತಿಯಲ್ಲಿ ಕಣ್ಣು ತೂಗುತ್ತಿತ್ತು. ಅರ್ಧವಾರ್ಷಿಕದಲ್ಲಿ ಎರಡು ವಿಷಯ ಹೋಗಿದ್ದವು. ಫೇಲಾದರೆ ಓದು ಬಿಡಿಸಿ ಹೊಲಕ್ಕೆ ಹಚ್ಚುವುದೆಂದು ಮನೆಯಲ್ಲಿ ಹೇಳಿಯಾಗಿತ್ತು.

ಒಂದು ದಿನ ಗಣಿತದ ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿ, ಹಾಸ್ಟೆಲ್ ಹುಡುಗಿಯರಿಗೆ ನಿದ್ದೆ ಹೆಚ್ಚು ಎಂದು ಕುಟುಕಿದರಂತೆ. "ಹೆಚ್ಚಲ್ರಿ ಸರ್, ರಾತ್ರೀದು ಬಾಕಿ" ಎಂದಳಂತೆ ಇವಳು. ತರಗತಿಯೆಲ್ಲ ನಕ್ಕಿತಂತೆ, ಇವಳನ್ನು ಹೊರಗೆ ಕಳಿಸಿದರಂತೆ. ಬದನೆಕಾಯಿ ಹೆಚ್ಚುತ್ತ ಗೆಳತಿಯರು ಇದನ್ನು ಮೂರು ಸಲ ಹೇಳಿಸಿಕೊಂಡು ನಕ್ಕರು. ಹುಲಿಗೆಮ್ಮ ನಗಲಿಲ್ಲ.

ಮುಂದಿನ ತನಿಖೆಗೆ ನನ್ನನ್ನು ಇಳಿಸುವ ಕೆಲಸ ಅವಳ ಪಾಲಿಗೆ ಬಂತು. ಹೆಗಲ ಮೇಲೆ ಹೊತ್ತವಳು ನಡುದಾರಿಯಲ್ಲಿ ನಿಂತಳು. ಇಲಿ ಕಚ್ಚಿದ ಒಂದು ತೂತಿನಿಂದ ಎಳೆ ಎಳೆದು, ಬೆರಳಲ್ಲಿ ಹೊಸೆದು ನೋಡಿದಳು. ಹತ್ತಿಯನ್ನು ಬಲ್ಲ ಬೆರಳು ಅದು. ಇದು ಖರೆ ಅರಳೆ ಎಂದು ಅವಳಿಗೆ ತಿಳಿಯಿತು. ಇಂಥದ್ದು ನಮಗ್ಯಾಕಿಲ್ಲ ಎಂದು ಮೇಡಂಗೆ ಕೇಳಿದಳು. ಅದು ಮಾದರಿ, ಮಲಗುವುದಕ್ಕಲ್ಲ ಎಂದರು ಮೇಡಂ. ಹೇಳುವಾಗ ಅವರು ಚಾದರದ ಸುಕ್ಕು ತೀಡುತ್ತಿದ್ದರು, ಮುಖ ಎತ್ತಲಿಲ್ಲ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಹುಡುಗಿಯರೆಲ್ಲ ಸೇರಿ ಅರ್ಜಿ ಬರೆದರು. ಒಂದಲ್ಲ, ಏಳು. ಏಳನೆಯದಕ್ಕೆ ಉತ್ತರ ಬಂತು. ಹೊಸ ಗಾದಿ ಕೊಳ್ಳಲಾಗುವುದು, ಮಾದರಿ ಬರುತ್ತವೆ ಎಂದು.

ಮೂರು ಬಂದವು. ಒಂದು ಸ್ಪಂಜಿನದು, ದಪ್ಪ, ಮೇಲೆ ಮಿಂಚುವ ಬಟ್ಟೆ. ಒಂದು ತೆಂಗಿನ ನಾರಿನದು, ಮೇಲೆ ತೆಳುವಾಗಿ ಅರಳೆಯ ಹೊದಿಕೆ. ಮೂರನೆಯದು ನನ್ನ ಜಾತಿಯದೇ, ಅರಳೆ. ಸಮಿತಿ ಬರುವುದು ತಡವಾಯಿತು. ಅಷ್ಟು ದಿನ ಅವು ಊಟದ ಹಾಲಿನಲ್ಲಿ ಸುಮ್ಮನೆ ಬಿದ್ದಿದ್ದವು. ನಾವು ಮಲಗಿ ನೋಡುತ್ತೇವೆ ಎಂದಳು ಹುಲಿಗೆಮ್ಮ. ಹಾಗೆ ನಿಯಮವಿಲ್ಲ ಎಂದರು ಮೇಡಂ. ಮಲಗಬಾರದು ಅಂತ ಎಲ್ಲಿ ಬರದದ ತೋರಸ್ರಿ ಎಂದಳು ಇವಳು. ಮೇಡಂ ಕಡತ ತೆಗೆದು ನಿಜಕ್ಕೂ ಹುಡುಕಿದರು. ಎಲ್ಲೂ ಬರೆದಿರಲಿಲ್ಲ. ಗಾದಿಯ ಮೇಲೆ ಯಾರಾದರೂ ಮಲಗಬಹುದು ಎಂಬ ಯೋಚನೆಯೇ ಆ ಕಡತಕ್ಕೆ ಬಂದಿರಲಿಲ್ಲ.

ಮೂರರ ಸಾಲಿಗೆ ನಾಲ್ಕನೆಯದಾಗಿ ನನ್ನನ್ನೂ ಇಳಿಸಿದರು, ಹೋಲಿಸಿ ನೋಡುವುದಕ್ಕೆ. ಕಡೆಗೂ ಆ ನಿಯಮವನ್ನು ಪಾಲಿಸಿದವರು ಹುಡುಗಿಯರೇ. ಹದಿನಾರು ಜನರನ್ನು ಆರಿಸಿದರು. ದಪ್ಪಗಿದ್ದವರು, ಕಡ್ಡಿಯಂತಿದ್ದವರು, ಮಗ್ಗುಲಿಗೆ ಮಲಗುವವರು, ಬೋರಲು ಮಲಗುವವರು. ಹದಿನಾರು ರಾತ್ರಿ, ಒಬ್ಬೊಬ್ಬರಿಗೆ ಒಂದೊಂದು ಗಾದಿಯಲ್ಲಿ ಒಂದೊಂದು ರಾತ್ರಿ. ಬೆಳಗ್ಗೆ ಎದ್ದ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಮೊದಲ ಬೆಳಗ್ಗೆ ಒಂದು ವಿಚಿತ್ರ ಕಂಡಿತು. ನಾಲ್ಕು ಗಾದಿಯೂ ಖಾಲಿ. ನಾಲ್ಕು ಹುಡುಗಿಯರೂ ನೆಲದ ಮೇಲೆ ಮಲಗಿದ್ದರು. ಮೆತ್ತಗಿದ್ದದ್ದಕ್ಕೆ ಮೈ ಹೆದರಿ, ಯಾವಾಗಲೋ ಕೆಳಗೆ ಜಾರಿತ್ತು. ಅವರಲ್ಲಿ ನನ್ನ ಮೇಲಿದ್ದವಳು ಹುಲಿಗೆಮ್ಮ. ಉಳಿದವರು ಅವರನ್ನು ಬೇಕಾದಷ್ಟು ಗೇಲಿ ಮಾಡಿದರು. ನನಗೆ ಮಾತ್ರ ನಗು ಬರಲಿಲ್ಲ. ನೆಲಕ್ಕೆ ಒಗ್ಗಿಹೋದ ಮೈಯನ್ನು ನೆಲದಿಂದ ಬಿಡಿಸುವುದು ಎಷ್ಟು ಕಷ್ಟವೆಂದು ಅಂದು ನೋಡಿದೆ. ಆ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಮೊದಲಿನಿಂದ ಶುರು ಮಾಡಿದರು.

ಆರಂಭದಲ್ಲಿ ಎಲ್ಲರ ಕಣ್ಣೂ ಸ್ಪಂಜಿನ ಮೇಲೆ. ಕೂತರೆ ಪುಟಿಯುತ್ತಿತ್ತು. ಮಲಗಿದವರು ಬೆಳಗ್ಗೆ ಬೆನ್ನೆಲ್ಲ ಬೆವರಾಗಿ ಎದ್ದರು. ಮಗ್ಗುಲು ಬದಲಿಸಬೇಕೆಂದರೆ ಕೆಸರಿನಿಂದ ಎದ್ದು ಬಂದಂತೆ ಎಂದು ಒಬ್ಬಳು ಬರೆದಳು. ಆಮೇಲೆ ಅವರೇ ಒಂದು ಪರೀಕ್ಷೆ ಕಂಡುಕೊಂಡರು. ಒಬ್ಬಳು ಅಂಗಾತ ಮಲಗುವುದು, ಇನ್ನೊಬ್ಬಳು ಸೊಂಟದ ಕೆಳಗೆ ಅಂಗೈ ತೂರಿಸುವುದು. ಕೈ ಸರಾಗ ಹೋದರೆ ಗಾದಿ ಬಹಳ ಗಟ್ಟಿ. ಹೋಗದೇ ಇದ್ದರೆ ಬಹಳ ಮೆತ್ತಗೆ. ತುಸು ತಡವರಿಸಿ ಹೋದರೆ ಸರಿ. ಯಾರೂ ಹೇಳಿಕೊಟ್ಟದ್ದಲ್ಲ, ನೋವು ಹೇಳಿಕೊಟ್ಟದ್ದು.

ಹುಲಿಗೆಮ್ಮ ನಾರಿನ ಗಾದಿಯಲ್ಲಿ ಮಲಗಿದ ರಾತ್ರಿಯ ಮರುದಿನ ನಾಷ್ಟಾದ ಗಂಟೆ ಹೊಡೆದರೂ ಏಳಲಿಲ್ಲ. ಗೆಳತಿಯರು ಹೆದರಿ ಅಲುಗಾಡಿಸಿದರು. ಎದ್ದು ಕೂತು, ಎರಡೂ ಕೈ ಸೊಂಟಕ್ಕೆ ಕೊಟ್ಟು, ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು. ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದಳು, ಇವತ್ತು ನೋವಿಲ್ಲ ಎಂದು. ಅವತ್ತು ಗಣಿತದ ತರಗತಿಯಲ್ಲಿ ಕಡೆಯವರೆಗೂ ಎಚ್ಚರವಿದ್ದಳಂತೆ.

ಮತ ಹಾಕುವ ದಿನ ನನಗೆ ಒಳಗೊಳಗೇ ಆಸೆ ಇತ್ತು. ಸುಳ್ಳೇಕೆ ಹೇಳಲಿ? ಅರಳೆಯೇ ಗೆಲ್ಲಲಿ ಎಂದುಕೊಂಡಿದ್ದೆ. ಕೆಲವರು ಅರಳೆಯ ಪರವಾಗಿಯೇ ಮಾತಾಡಿದರು. ಆಗ ಮೊದಲ ವರ್ಷದ ಕಡ್ಡಿಯಂಥ ಹುಡುಗಿ ಫಕೀರವ್ವ ಎದ್ದು ನಿಂತಳು.

"ಅರಳಿ ಗಾದಿನ ದಿನಾ ಬಿಸಲಿಗೆ ಹಾಕಬೇಕು ಅಕ್ಕಾ. ಇಲ್ಲಂದ್ರ ಗಂಟು ಕಟ್ಟತೈತಿ. ಮಾಳಿಗಿ ಕೀಲಿ ಮೇಡಂ ಹತ್ರ. ಅರವತ್ತೆರಡು ಗಾದಿ ಹೊತ್ತು ಮ್ಯಾಲ ಹತ್ತೋರು ನಾವು. ಓದೂದು ಯಾವಾಗ?"

ನಾರಿನದಕ್ಕೆ ಒಂಬತ್ತು ಮತ ಬಿದ್ದವು, ಅರಳೆಗೆ ಐದು, ಸ್ಪಂಜಿಗೆ ಎರಡು. ನಾನು ಸೋತೆ. ಸ್ವಲ್ಪ ಹೊತ್ತು ಬೇಸರವಾಯಿತು, ಹೋಯಿತು. ಮಲಗುವವರೇ ಮಲಗಿ ನೋಡಿ ಸೋಲಿಸಿದ್ದಕ್ಕೆ ಯಾವ ಗಾದಿ ಮುನಿಸಿಕೊಂಡೀತು? ಐದು ಹೆಬ್ಬೆರಳು ಕೊಟ್ಟ ಗೆಲುವಿಗಿಂತ ಆ ಸೋಲು ನನಗೆ ಹೆಚ್ಚಿನದು.

ಈಗ ನನಗೆ ವಯಸ್ಸಾಗಿದೆ. ಅರಳೆ ಜಗ್ಗಿದೆ, ಪಟ್ಟೆಯ ನೀಲಿ ಮಾಸಿದೆ, ಅರಗಿನ ಮುದ್ರೆ ಪುಡಿಯಾಗಿ ಎಲ್ಲೋ ಉದುರಿದೆ. ಮತ ಹಾಕಿದ ದಿನದಿಂದ ಅಟ್ಟಕ್ಕೆ ಮಾತ್ರ ಮತ್ತೆ ಹತ್ತಿಲ್ಲ. ಊಟದ ಹಾಲಿನ ಕಿಟಕಿಯ ಪಕ್ಕ ಎರಡು ಬೆಂಚು ಜೋಡಿಸಿ ನನ್ನನ್ನು ಹಾಸಿದ್ದಾರೆ. ಜ್ವರ ಬಂದವಳು, ಮುಟ್ಟಿನ ಹೊಟ್ಟೆನೋವು ಬಂದವಳು, ಮನೆಯ ನೆನಪಾಗಿ ಅತ್ತವಳು ನನ್ನ ಮೇಲೆ ಬಂದು ಮುದುಡಿಕೊಳ್ಳುತ್ತಾರೆ. ಗಾದಿಗೆ ಮುಪ್ಪು ಬರುವುದು ಬಳಸಿದ್ದರಿಂದಲ್ಲ, ಬಳಸದೆ ಇಟ್ಟದ್ದರಿಂದ ಎಂದು ನಾನೀಗ ತಿಳಿದಿದ್ದೇನೆ. ಮನುಷ್ಯರ ವಿಷಯವೂ ಹಾಗೇ ಇರಬಹುದು.

ಆ ಕಿಟಕಿಯ ಪಕ್ಕದಿಂದಲೇ ಮೊನ್ನೆ ಸೋಮವಾರ, ಕಡೆಗೂ ಮಾದರಿ ನೋಡಲು ಬಂದ ಸಮಿತಿಯನ್ನು ನಾನು ನೋಡಿದೆ.

ಸಮಿತಿಯ ಮುಂದಾಳಾಗಿ ಜಿಲ್ಲೆಯಿಂದ ಬಂದ ಸಾಹೇಬರು ಸಮಾಧಾನದ ಮನುಷ್ಯ, ಮಾತು ಮೆಲ್ಲಗೆ. ಮೂರನ್ನೂ ಒತ್ತಿ ನೋಡಿದರು. ಸ್ಪಂಜಿನ ಹತ್ತಿರ ಬಂದು, ಇದೇ ಇರಲಿ, ನೋಡಲಿಕ್ಕೂ ಚೆಂದ ಇದೆ ಎಂದರು. ಪ್ರಮೀಳಾ ಮೇಡಂ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಹುಡುಗಿಯರು ಹದಿನಾರು ರಾತ್ರಿ ಮಲಗಿ ನೋಡಿ ನಾರಿನದನ್ನು ಆರಿಸಿದ್ದಾರೆ ಎಂದು ಹೇಳಿದರು. ಸಾಹೇಬರು ಎರಡು ಹಾಳೆ ತಿರುವಿ, ಅಕ್ಷರ ದುಂಡಗಿದೆ ಎಂದು ಮೆಚ್ಚಿ, ಪುಸ್ತಕ ಮುಚ್ಚಿಟ್ಟರು. ಚೀಲದಿಂದ ಟೈಪು ಮಾಡಿದ ಒಂದು ಹಾಳೆ ತೆಗೆದು ಹುಲಿಗೆಮ್ಮನ ಮುಂದೆ ಸರಿಸಿ, ಪೆನ್ನು ಕೊಟ್ಟರು. ವಿದ್ಯಾರ್ಥಿನಿಯರ ಪರವಾಗಿ ಒಂದು ಸಹಿ ಬೇಕಿತ್ತು.

ಅವಳು ನಿಂತುಕೊಂಡೇ ಜೋರಾಗಿ ಓದಿದಳು. "'ಸ್ಪಂಜಿನ ಹಾಸಿಗೆಯನ್ನು ಮಲಗಿ ನೋಡಿ ಒಪ್ಪಿರುತ್ತೇವೆ.' ಮಲಗಿ ನೋಡೇವ್ರಿ ಸರ್, ಅದು ಖರೆ. ಒಪ್ಪಿಲ್ಲ." ಪೆನ್ನಿನ ಮುಚ್ಚಳ ಹಾಕಿ ಹಾಳೆಯ ಮೇಲೆ ಇಟ್ಟಳು.

ಬೇರೆ ಯಾರಾದರೂ ಬನ್ನಿ ಎಂದರು ಸಾಹೇಬರು. ಗೋಡೆಗುಂಟ ನಿಂತ ಹುಡುಗಿಯರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಸಾಹೇಬರು ಗಡಿಯಾರ ನೋಡಿಕೊಂಡು, ಹಾಳೆಯನ್ನು ಪ್ರಮೀಳಾ ಮೇಡಂ ಕಡೆ ತಿರುಗಿಸಿದರು.

"ಹುಡುಗ್ಯಾರ ಮಾತು ಬಿಡ್ರಿ ಮೇಡಂ. ಅವರ ಪರವಾಗಿ ನೀವ ಹಾಕಿಬಿಡ್ರಿ. ಎಷ್ಟು ವರ್ಷದಿಂದ ಹಾಕ್ಕೋಂತ ಬಂದೀರಿ."

ಮೇಡಂ ಪೆನ್ನು ತೆಗೆದುಕೊಂಡರು. ಮುಚ್ಚಳ ತೆಗೆದರು. ಆ ಸಾಲನ್ನು ಒಮ್ಮೆ ಓದಿದರು, ತುಟಿ ಅಲುಗಿತು. ಅರವತ್ತೆರಡು ಜೋಡಿ ಕಣ್ಣು ಅವರ ಬೆರಳಿನ ಮೇಲೆ. ಅವರು ಪೆನ್ನನ್ನು ಸಾಹೇಬರ ಮುಂದೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು.

"ನಾ ಮಲಗಿ ನೋಡಿಲ್ರಿ ಸರ್" ಎಂದರು.