ನಮ್ಮ ಮನೆ ಗಂಡಸರ ಎದೆ

ನಮ್ಮ ಯಜಮಾನರು ಯಶವಂತ ಅವರಂಥ ಮೈಗಳ್ಳರು ಕಮಲಾಪುರದಲ್ಲಿ ಇನ್ನೊಬ್ಬರಿಲ್ಲ ಎಂದೇ ನಾನು ನಂಬಿದ್ದೆ. ಮದುವೆಯ ಹೊಸತರಲ್ಲಿ ಎಲ್ಲ ತಾವೇ ಮಾಡುತ್ತಿದ್ದ ಮನುಷ್ಯ, ಅವರ ಅಣ್ಣ ತೀರಿಕೊಂಡ ಮೇಲೆ ಒಂದೊಂದೇ ಕೆಲಸ ನನ್ನ ತಲೆಗೆ ಕಟ್ಟಿದರು. ಬ್ಯಾಂಕಿಗೆ ನಾನು, ಕೆಂಪು ಬಾಳೆಗೊನೆಯ ವ್ಯಾಪಾರಕ್ಕೆ ನಾನು, ಮೋಟಾರು ಕೆಟ್ಟರೆ ಮೆಕ್ಯಾನಿಕ್ ಜೊತೆ ಜಗಳಕ್ಕೂ ನಾನು. ಕೇಳಿದರೆ, "ನೀ ಮಾಡು, ನಾ ಹೊರಗ ನಿಂತಿರ್ತೀನಿ" ಎನ್ನುತ್ತಿದ್ದರು.

ಬೈಯುತ್ತಿದ್ದೆ ನಿಜ, ಆದರೆ ಒಳಗೊಳಗೆ ಹೆದರಿಕೆ. ಮಾವ, ಭಾವ ಇಬ್ಬರೂ ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಹೋದವರು. ಇವರಿಗೆ ಈಗ ನಲವತ್ತೊಂಬತ್ತು.

ನಮ್ಮಂಥ ಊರುಗಳಲ್ಲಿ ಹೃದಯದ ಕಾಯಿಲೆ ಯಾಕೆ ಇಷ್ಟು ಏರುತ್ತಿದೆ ಎಂದು ನಾಲ್ಕಾರು ದೇಶದವರು ಕೂಡಿ ಸಂಶೋಧನೆ ನಡೆಸಿದ್ದರು. ಅದಕ್ಕೆಂದೇ ಕಲಬುರಗಿಯಿಂದ ಡಾಕ್ಟರ್ ಮಂಜುಷಾ ಬಂದು ನಮ್ಮ ಮನೆತನದವರ ರಕ್ತ ಒಯ್ದರು. ಭಾವನ ಮಗ ವಿವೇಕಾನಂದನಲ್ಲಿ ಕೊಲೆಸ್ಟರಾಲ್ ಏರಿಸುವ ಜೀನ್ ಒಂದು ಸಿಕ್ಕಿತು. ಬೇಗ ಗೊತ್ತಾದದ್ದು ಪುಣ್ಯ. ಗುಳಿಗೆ ಶುರುವಾಗಿ ಈಗ ಗುಂಡುಕಲ್ಲಿನ ಹಾಗಿದ್ದಾನೆ.

ಇವರ ಫಲಿತಾಂಶಕ್ಕೆ ನಮ್ಮನ್ನು ಕಲಬುರಗಿಯ ಜೇವರ್ಗಿ ಕಾಲೋನಿಯ ಕ್ಲಿನಿಕ್ಕಿಗೆ ಕರೆದರು.

"ಕಾಕಾ, ನಿಮ್ಮೊಳಗ ಆ ಜೀನ್ ಇಲ್ರೀ. ಉಳಿದ ತಪಾಸಣೆನೂ ಛಲೋ ಬಂದದ. ಎಣ್ಣಿ ಕಡಿಮಿ ಮಾಡ್ರಿ, ದಿನಾ ನಡೀರಿ" ಎಂದರು ಮಂಜುಷಾ. ನಾನು ಆ ಹುಡುಗಿಯ ಕೈ ಹಿಡಿದುಕೊಂಡು ಅತ್ತೇಬಿಟ್ಟೆ.

ಹೊರಗೆ ಬಂದ ಮೇಲೆ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಆತಲ್ಲ, ಎದಿ ಗಟ್ಟಿ ಅದ. ನಾಳಿಂದ ಬ್ಯಾಂಕು, ಬಾಳಿಹಣ್ಣು ಎಲ್ಲಾ ನೀವೇ ನೋಡ್ರಿ. ಇಷ್ಟು ವರ್ಷ ಆರಾಮ ಕುಂತದ್ದು ಸಾಕು."

ಇವರು ನಗಲಿಲ್ಲ. "ಅಣ್ಣ ಹೋದಾಗ ಅತ್ತಿಗಿಗಿ ಒಂದು ಚೆಕ್ ಬರೀಲಾಕ ಬರ್ತಿದ್ದಿಲ್ಲ. ಕಂಡವರ ಬಾಗಲಾಗ ನಿಂತಳು. ನಿನಗ ಹಂಗ ಆಗಬಾರದಂತ ಕಲಿಸಿದೆ."

ನಾನು ರಸ್ತೆಯ ಮಧ್ಯೆಯೇ ನಿಂತುಬಿಟ್ಟೆ. ಆಟೋದವನೊಬ್ಬ ಹಾರ್ನ್ ಹೊಡೆದು ಬೈದು ಹೋದ. ಈ ಮಾತನ್ನು ಇಷ್ಟು ವರ್ಷ ಒಬ್ಬರೇ ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕೈಲಿ ಬೈಸಿಕೊಂಡರಲ್ಲ ಎಂದು ಸಿಟ್ಟು ಬಂತು. ಸಿಟ್ಟಿನಲ್ಲೇ ಅವರ ತೋಳು ಬಿಗಿಯಾಗಿ ಹಿಡಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಈಗ ನನಗ ಏನೂ ಬರಂಗಿಲ್ಲ ನೋಡು," ಎಂದರು. "ಬ್ಯಾಂಕೆಲ್ಲಾ ಫೋನಿನಾಗ ಹೋಗ್ಯದ. ನೀನೇ ಕಲಿಸಬೇಕು."

"ಕಲಿಸ್ತೀನಿ ತಗೋರಿ," ಎಂದೆ. "ಗಡಬಡಿ ಏನದ? ಇನ್ನ ಭಾಳ ವರ್ಷ ಅವ."