ಒಬ್ಬಳೇ ಬಿಚ್ಚಿದ ಡೇರೆಗಾಡಿ

1989ರ ಆಗಸ್ಟಿನಲ್ಲಿ ಹಂಗೇರಿಯ ಬಾಲಟೋನ್ ಸರೋವರದ ದಂಡೆಯ ಶಿಬಿರದಲ್ಲಿ ದಿನಕ್ಕೊಂದು ಡೇರೆ ಅನಾಥವಾಗುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದವರ ಡೇರೆ ಇದೆ, ಹಗ್ಗದ ಮೇಲೆ ಒದ್ದೆ ಟವೆಲ್ ಇದೆ, ಒಲೆಯ ಮೇಲೆ ಪಾತ್ರೆ ಇದೆ. ಜನ ಮಾತ್ರ ಇಲ್ಲ. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಆಸ್ಟ್ರಿಯಾದ ಗಡಿಯ ಮುಳ್ಳುತಂತಿಯನ್ನು ಹಂಗೇರಿಯವರು ಕಿತ್ತುಹಾಕುತ್ತಿದ್ದಾರೆಂಬುದು ಪೂರ್ವ ಜರ್ಮನಿಯಿಂದ ರಜೆಗೆ ಬಂದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ರೋಸ್ವಿಟಾಳಿಗೂ ಗೊತ್ತಿತ್ತು. ಆದರೆ ಅದು ತಮ್ಮ ಡೇರೆಯ ಬಾಗಿಲಿಗೂ ಬಂದೀತೆಂದು ಅವಳು ಎಣಿಸಿರಲಿಲ್ಲ.

ಅವರದು ಮಡಚುವ ಡೇರೆಗಾಡಿ. ಹೆಸರು ಬರೆಸಿ ಏಳು ವರ್ಷ ಕಾದ ಮೇಲೆ ಸಿಕ್ಕಿದ್ದು. ದಾರಿಯಲ್ಲಿ ಟ್ರಾಬಂಟ್ ಕಾರಿನ ಬಾಲಕ್ಕೆ ಕಟ್ಟಿದ ಚಪ್ಪಟೆ ಪೆಟ್ಟಿಗೆ, ಅಷ್ಟೇ. ತಂಗಿದಲ್ಲಿ ಮುಚ್ಚಳವನ್ನು ಎರಡೂ ಬದಿಗೆ ಬಿಡಿಸಿದರೆ ಎರಡು ಮಂಚ, ಒಳಗಿನ ಕಂಬಿಗಳನ್ನು ಎತ್ತಿ ನಿಲ್ಲಿಸಿದರೆ ಕ್ಯಾನ್ವಾಸಿನ ಪುಟ್ಟ ಮನೆ. ಬಿಡಿಸಲು ಇಬ್ಬರು ಬೇಕು. ಎಡಗಡೆಯದು ಗಂಡ ಎಕಾರ್ಟ್‌ನದು, ಬಲಗಡೆಯದು ಇವಳದು. ಎಂಟು ವರ್ಷದಲ್ಲಿ ಅದು ಒಮ್ಮೆಯೂ ಅದಲುಬದಲಾಗಿರಲಿಲ್ಲ.

ಗಾಡಿ ಸಿಕ್ಕ ಮೇಲೆ ಅವರು ಅದನ್ನು ಮೋಜಿಗೆಂದು ಬಳಸಿದ್ದಲ್ಲ. ಮಗಳು ಸಿಲ್ಕೆಗೆ ಎಂಟು ವರ್ಷ, ಹುಟ್ಟಿದಾಗಿನಿಂದ ಉಬ್ಬಸ. ಅವರ ಊರಿನಲ್ಲಿ ಚಿಮಣಿಗಳ ಬೂದಿ ಕಿಟಕಿಯ ಅಂಚಿನಲ್ಲಿ ದಿನವೂ ಕೂತಿರುತ್ತಿತ್ತು. ಈ ಗಾಳಿಯಿಂದ ಮಗುವನ್ನು ದೂರ ಒಯ್ಯಿರಿ ಎಂದು ಡಾಕ್ಟರು ಹೇಳಿದ್ದರು. ಬೇರೆ ಊರಲ್ಲಿ ಮನೆ ಕೊಡಿ ಎಂದು ಹಾಕಿದ ಅರ್ಜಿ ಮೂರು ಸಲವೂ ವಾಪಸ್ಸಾಗಿತ್ತು. ಹಾಗಾಗಿ ಶನಿವಾರ ಬಂದರೆ ಗಾಡಿ ಕಟ್ಟಿಕೊಂಡು ಯಾವುದಾದರೂ ಕೆರೆ, ಯಾವುದಾದರೂ ಕಾಡು. ಬೇಸಿಗೆಯಲ್ಲಿ ಮೂರು ವಾರ ಬಾಲಟೋನ್. ಆ ಕ್ಯಾನ್ವಾಸಿನ ಕೆಳಗೆ ಮಲಗಿದಾಗ ಮಾತ್ರ ಮಗುವಿನ ಎದೆ ಸುಯ್ಯೆನ್ನುತ್ತಿರಲಿಲ್ಲ.

"ನಾಳೆ ಹೋಗೋಣ," ಎಂದ ಎಕಾರ್ಟ್, ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತ, ಕತ್ತೆತ್ತದೆ.

ಎಲ್ಲಿಗೆ ಎಂದು ರೋಸ್ವಿಟಾ ಕೇಳಲಿಲ್ಲ. "ಹೋಲ್ಗರ್?" ಎಂದಳು.

"ಅವನಿಗೆ ಹತ್ತೊಂಬತ್ತು ತುಂಬಿದೆ ರೋಸಿ. ಮಗು ಅಲ್ಲ."

"ಬಂದೂಕು ಹಿಡ್ಕೊಂಡು ಸೈನ್ಯದ ಬ್ಯಾರಕ್ಕಲ್ಲಿ ನಿಂತಿದಾನೆ. ಅಪ್ಪ ಅಮ್ಮ ಓಡಿಹೋದ್ರು ಅಂತ ಗೊತ್ತಾದ ದಿನ ಅವನ ಗತಿ ಏನು? ಬಿಡ್ತಾರಾ ಅವನ್ನ?"

"ಇವಳ ಗತಿ ಏನು ಮತ್ತೆ? ಕೇಳು ಅಲ್ಲಿ."

ನೀರಿನ ಕಡೆಯಿಂದ ಸಿಲ್ಕೆ ಕಿರುಚುವುದು ಕೇಳಿಸುತ್ತಿತ್ತು.

"ಹದಿನೆಂಟು ದಿನ ಆಯ್ತು, ಒಂದ್ಸಲ ಕೆಮ್ಮಿಲ್ಲ. ಹೋದ ಚಳಿಗಾಲ ಇವಳ ತುಟಿ ನೀಲಿ ಆಗಿದ್ದು ನೆನಪಿದೆ ತಾನೆ? ಇನ್ನೊಂದು ಚಳಿಗಾಲ ಅಲ್ಲಿ ಕಳೀಬೇಕಾ?"

ಒಬ್ಬ ಮಗ ಆ ಕಡೆ, ಒಬ್ಬ ಮಗಳು ಈ ಕಡೆ. ಅತ್ತ ದರಿ, ಇತ್ತ ಪುಲಿ. ಮಧ್ಯಾಹ್ನವೆಲ್ಲ ಜಗಳವಾಡಿದರು, ಅದೂ ಪಿಸುದನಿಯಲ್ಲಿ, ಅಕ್ಕಪಕ್ಕದವರಿಗೆ ಕೇಳಿಸದಂತೆ. ಕೊನೆಗೆ ರೋಸ್ವಿಟಾ, "ನೀನು ಇವಳನ್ನ ಕರ್ಕೊಂಡು ಹೋಗು. ನಾನು ಗಾಡಿ ಕಟ್ಕೊಂಡು ವಾಪಸ್ ಹೋಗ್ತೀನಿ," ಎಂದಳು. ಎಕಾರ್ಟ್ ಬೇಡ ಎಂದ, ಎರಡು ಸಲ. ಮೂರನೆಯ ಸಲ ಎನ್ನಲಿಲ್ಲ.

"ಗಡೀಲಿ ಹಿಡ್ದು ಕೇಳ್ತಾರೆ," ಎಂದ. "ನಂಗೇನೂ ಗೊತ್ತಿರ್ಲಿಲ್ಲ ಅನ್ನು. ಮಗೂನ ಕದ್ಕೊಂಡು ಹೋದ ಅನ್ನು. ನನ್ನ ಚೆನ್ನಾಗಿ ಬಯ್ಯಿ. ನೀನು ಬೈದಷ್ಟೂ ಹೋಲ್ಗರ್‌ಗೆ ಒಳ್ಳೇದು."

"ಏನಂತ ಬೈಲಿ?"

"ಇಪ್ಪತ್ತು ವರ್ಷ ಸಂಸಾರ ಮಾಡಿ ಅದನ್ನೂ ನಾನೇ ಹೇಳಿಕೊಡ್ಬೇಕಾ? ಕುಡುಕ ಅನ್ನು."

"ನೀನು ಕುಡಿಯಲ್ವಲ್ಲ."

"ಸೋಂಬೇರಿ ಅನ್ನು."

"ಅದು ನಿಜ."

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತುಹೋಯಿತು.

ಮರುದಿನ ಬೆಳಿಗ್ಗೆ ಅಪ್ಪ ಮಗಳು ಬಸ್ಸು ಹತ್ತಿದರು. ಶೋಪ್ರೋನ್ ಪಟ್ಟಣದ ಆಚೆಯ ಕಾಡು ದಾಟಿದರೆ ಆಸ್ಟ್ರಿಯಾ. ಸಿಲ್ಕೆಗೆ ಹೇಳಿದ್ದು ಇಷ್ಟೇ: ಅಪ್ಪನ ಜೊತೆ ಕೋಟೆ ನೋಡಲು ಹೋಗು, ಅಮ್ಮ ಹಿಂದಿನಿಂದ ಗಾಡಿ ತರುತ್ತಾಳೆ. ಬಸ್ಸಿನ ಕಿಟಕಿಯಿಂದ ಮಗು ಕೂಗಿ ಹೇಳಿತು, "ಅಮ್ಮಾ, ನಿಂಗೆ ಗಾಡಿ ರಿವರ್ಸ್ ಹಾಕಕ್ಕೆ ಬರಲ್ಲ, ಹುಷಾರು!"

ರೋಸ್ವಿಟಾ ಕೈ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಬೀಸುತ್ತಲೇ ಇದ್ದಳು.

ಗಾಡಿ ಮಡಚಲು ಅವಳಿಗೆ ಮೂರು ತಾಸು ಹಿಡಿಯಿತು. ಎಡಗಡೆಯ ಕಂಬಿಯ ಕೀಲು ಎಲ್ಲಿದೆಯೆಂಬುದೇ ಗೊತ್ತಿರಲಿಲ್ಲ. ಎಡಬದಿ ಮಡಚಿ ಬಲಕ್ಕೆ ಬರುವಷ್ಟರಲ್ಲಿ ಎಡದ್ದು ಬಿಚ್ಚಿಕೊಳ್ಳುತ್ತಿತ್ತು. ಕಡೆಗೆ ಬಟ್ಟೆ ಒಣಹಾಕುವ ಹಗ್ಗವನ್ನು ಸುತ್ತಿ, ಮುಚ್ಚಳದ ಮೇಲೆ ಕೂತು ಬಿಗಿದಳು. ಪಕ್ಕದ ಡೇರೆಯ ಹೆಂಗಸು ನೋಡುತ್ತಿದ್ದಳು. ಸಹಾಯಕ್ಕೆ ಬರಲಿಲ್ಲ, ಏನೂ ಕೇಳಲೂ ಇಲ್ಲ.

ಆಮೇಲೆ ಎಂಟುನೂರು ಕಿಲೋಮೀಟರ್ ದಾರಿ. ಪೆಟ್ರೋಲ್ ಬಂಕಿನಲ್ಲಿ ರಿವರ್ಸ್ ತೆಗೆಯಲು ಹೋದರೆ ಗಾಡಿ ಅಡ್ಡಡ್ಡ ತಿರುಗಿ ನಿಂತಿತು, ಹಿಂದಿನ ಲಾರಿಯವನು ಇಳಿದು ಬಂದು ಜೆಕ್ ಭಾಷೆಯಲ್ಲಿ ಬೈದ. ಅವಳು ಸ್ಟೀರಿಂಗ್ ಹಿಡಿದು ಕೂತಳು. ಅವನ ಬೈಗುಳ ಕಿವಿಗೇ ಇಳಿಯಲಿಲ್ಲ. ಈಗ ಅವರು ಎಲ್ಲಿರಬಹುದು? ಕಾಡಿನಲ್ಲೇ? ಮಗು ಓಡಿದರೆ ಉಬ್ಬಸ ಬರುತ್ತದೆ. ಕೆಮ್ಮಿದರೆ ಕಾವಲಿನವರಿಗೆ ಕೇಳಿಸುತ್ತದೆ. ಯಾರನ್ನು ಕೇಳುವುದು, ಎಲ್ಲಿಗೆ ಫೋನು ಮಾಡುವುದು? ಬ್ರನೋ ಊರಿನ ಹತ್ತಿರ ರಸ್ತೆಬದಿ ನಿಲ್ಲಿಸಿ ಕಾರಿನಲ್ಲೇ ಕಣ್ಣು ಮುಚ್ಚಿದಳು. ಗಾಡಿಯನ್ನು ಬಿಚ್ಚಲಿಲ್ಲ, ಆ ಎರಡು ಖಾಲಿ ಹಾಸಿಗೆಗಳನ್ನು ನೋಡುವ ಧೈರ್ಯವಿರಲಿಲ್ಲ.

ಮರುದಿನ ಮಧ್ಯಾಹ್ನ ತನ್ನ ದೇಶದ ಗಡಿ ತಲುಪಿದಳು. ಅಧಿಕಾರಿ ಕಾಗದಗಳನ್ನು ಎಣಿಸಿದ. ಐವತ್ತರ ಆಸುಪಾಸಿನವನು, ಸಮಾಧಾನದ ಮುಖ.

"ಮೂರು ಜನ ಹೋಗಿದ್ರಿ."

"ಹೂಂ ಸರ್. ಗಂಡ ಮಗೂನ ಕದ್ಕೊಂಡು ಓಡಿಹೋದ. ನಂಗೇನೂ ಗೊತ್ತಿರ್ಲಿಲ್ಲ." ಒಪ್ಪಿಸಿದ ಪಾಠದಂತಿತ್ತು ಅದು, ಅವಳಿಗೇ ಗೊತ್ತಾಯಿತು. "ಅವನೊಬ್ಬ ಕುಡುಕ. ಸೋಂಬೇರಿ."

"ಹೌದಾ?" ಎಂದ ಅವನು. "ಈ ವಾರ ನನ್ನ ಮುಂದೆ ಇದೇ ಮಾತು ಹೇಳಿದ ನಾಲ್ಕನೆಯವಳು ನೀವು. ಗಾಡಿ ಬಿಚ್ಚಿ."

"ಇಬ್ಬರು ಬೇಕು ಸರ್, ಬಿಚ್ಚೋಕೆ."

"ಒಬ್ಬರೇ ಬಂದಿದೀರಲ್ಲ. ಒಬ್ಬರೇ ಬಿಚ್ಚಿ."

ಸುಡುವ ಡಾಂಬರಿನ ಮೇಲೆ, ಸಾಲುಗಟ್ಟಿ ನಿಂತ ಕಾರುಗಳವರೆಲ್ಲ ನೋಡುತ್ತಿರಲು, ರೋಸ್ವಿಟಾ ಹಗ್ಗ ಬಿಚ್ಚಿದಳು. ಬಲಗಡೆ ಬಿಡಿಸಿದಳು. ಸುತ್ತಿ ಎಡಗಡೆಗೆ ಹೋಗಿ ಅದನ್ನೂ ಬಿಡಿಸಿದಳು. ಕಂಬಿ ಜಾರಿ ಹಣೆಗೆ ಬಡಿಯಿತು. ಹಾಸಿಗೆ ಎತ್ತಿ ಎಂದ ಅಧಿಕಾರಿ. ಎಡಮಂಚದ ಹಾಸಿಗೆಯ ಕೆಳಗೆ, ಎಕಾರ್ಟ್ ಮಲಗುತ್ತಿದ್ದ ಕಡೆ, ಅವಳು ಎಂದೂ ಕೈ ಹಾಕದ ಗೂಡೊಂದಿತ್ತು. ಅದರೊಳಗಿನ ಚೀಲವನ್ನು ಅಧಿಕಾರಿ ಎಳೆದು ನೆಲದ ಮೇಲೆ ಸುರಿದ.

ರೋಸ್ವಿಟಾಳ ಚಳಿಗಾಲದ ಬೂಟುಗಳು. ಅವಳ ಉಣ್ಣೆಯ ಕೋಟು. ಅವಳ ನರ್ಸ್ ತರಬೇತಿಯ ಸರ್ಟಿಫಿಕೇಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು.

"ಆಗಸ್ಟಲ್ಲಿ, ಕೆರೆ ದಂಡೆಗೆ, ಚಳಿಗಾಲದ ಬೂಟಾ?" ಎಂದ ಅಧಿಕಾರಿ ಮೆಲ್ಲಗೆ.

ಅವಳು ಆ ಬೂಟುಗಳನ್ನೇ ನೋಡುತ್ತ ನಿಂತಳು. ಹಾಗಾದರೆ ಜುಲೈಯಲ್ಲೇ, ಮನೆಯಲ್ಲೇ, ಅವನು ಎಲ್ಲವನ್ನೂ ನಿಶ್ಚಯಿಸಿದ್ದ. ತನ್ನನ್ನು ಒಂದು ಮಾತು ಕೇಳದೆ ತನ್ನ ಬಟ್ಟೆಯನ್ನೂ ಕಟ್ಟಿದ್ದ. ಹೊರಡುವ ಮುಂಚಿನ ಭಾನುವಾರ ಹೋಲ್ಗರ್‌ನನ್ನು ನೋಡಲು ಹೋದಾಗ ಎಕಾರ್ಟ್ ಅವನನ್ನು ತಬ್ಬಿಕೊಂಡು ಬಿಡದೆ ನಿಂತಿದ್ದನಲ್ಲ, ಅದು ಬೀಳ್ಕೊಡುಗೆ. ತಾನು ಮಾತ್ರ ಆ ದಿನ ಮಗನಿಗೆ ಸಾಬೂನು ತರಲು ಮರೆತೆನೆಂದು ಕೊರಗುತ್ತ ಬಂದಿದ್ದಳು. ಅವಳ ಪಾಲಿಗೂ ಅದೇ ಕೊನೆಯ ಭೇಟಿಯೆಂದು ಗಂಡ ತೀರ್ಮಾನಿಸಿದ್ದ, ಅವಳಿಗೆ ತಿಳಿಸಿರಲಿಲ್ಲ.

"ನಾನು ಕಟ್ಟಿದ್ದಲ್ಲ ಇದು!" ಎಂದು ಕಿರುಚಿದಳು. "ಅವನೇ ಕಟ್ಟಿದ್ದು! ಬೆನ್ನ ಹಿಂದೆ! ನನ್ನ ಕೇಳಿದ್ನಾ ಅವನು? ನಾನೇನು ಅವನ ಗಾಡೀಲಿರೋ ಪಾತ್ರೆನಾ, ಎತ್ತಿಟ್ಕೊಂಡು ಹೋಗಕ್ಕೆ? ಹೆತ್ತವಳು ನಾನು, ಮಗನಿಗೆ ಹೋಗ್ಬರ್ತೀನಿ ಅನ್ನಕ್ಕೂ ಬಿಡ್ಲಿಲ್ವಲ್ಲ, ಹಾಳಾದೋನು!" ಬೂಟೊಂದನ್ನು ಎತ್ತಿ ಕಂಬಿಗೆ ಅಪ್ಪಳಿಸಿದಳು. ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಇಪ್ಪತ್ತು ವರ್ಷದ್ದೆಲ್ಲ ಬಾಯಿಗೆ ಬಂತು; ಅವನು ಹೇಳಿಕೊಡದ ಮಾತುಗಳು, ಹೇಳಬಾರದ ಮಾತುಗಳು.

ಅಧಿಕಾರಿ ಕರವಸ್ತ್ರ ಕೊಟ್ಟ. ಅವಳು ಅಂದದ್ದನ್ನೆಲ್ಲ ಟೈಪು ಮಾಡಿಸಿ ಸಹಿ ಹಾಕಿಸಿಕೊಂಡರು. ನಾಲ್ಕು ಪುಟ. ಸಂಜೆಗೆ ಬಿಟ್ಟರು.

ಅವರು ಬದುಕಿದ್ದಾರೆಂದು ತಿಳಿದದ್ದು ಹದಿಮೂರನೆಯ ದಿನ, ಪಶ್ಚಿಮ ಜರ್ಮನಿಯಲ್ಲಿದ್ದ ಎಕಾರ್ಟ್‌ನ ಚಿಕ್ಕಮ್ಮನ ಕಾಗದದಿಂದ. "ಅತಿಥಿಗಳು ಸುಖವಾಗಿ ಬಂದರು, ಚಿಕ್ಕವಳು ಚೆನ್ನಾಗಿ ಉಸಿರಾಡುತ್ತಾಳೆ" ಎಂದಷ್ಟೇ ಇತ್ತು. ರೋಸ್ವಿಟಾ ಅಡುಗೆಮನೆಯ ನೆಲದ ಮೇಲೆ ಕೂತು ಬಾಯಿಗೆ ಸೆರಗೊತ್ತುವಂತೆ ಏಪ್ರನ್ ಒತ್ತಿಕೊಂಡು ಅತ್ತಳು. ಅತ್ತಿದ್ದು ನೆಮ್ಮದಿಗೋ ಸಿಟ್ಟಿಗೋ ಅವಳಿಗೇ ಗೊತ್ತಿರಲಿಲ್ಲ.

ಹೋಲ್ಗರ್ ಅಕ್ಟೋಬರಿನಲ್ಲಿ ಎರಡು ದಿನದ ರಜೆಗೆ ಬಂದ. ಅವನ ಬಂದೂಕು ಕಸಿದುಕೊಂಡು ಕಲ್ಲಿದ್ದಲು ಹೊರಲು ಹಾಕಿದ್ದರು, ಬೇರೇನೂ ಮಾಡಿರಲಿಲ್ಲ. ಮೇಜಿನ ಮುಂದೆ ಕೂತು, ಅವಳು ಬಡಿಸಿದ ಸೂಪು ಮುಟ್ಟದೆ ಕೇಳಿದ:

"ಯಾಕಮ್ಮ ವಾಪಸ್ ಬಂದೆ?"

"ನಿನಗೋಸ್ಕರ ಕಣೋ."

"ನಾನು ಕೇಳಿದ್ನಾ? ನೀವೆಲ್ಲ ಆ ಕಡೆ ಸೇರಿದ್ರೆ ನಾನೂ ಒಂದು ದಾರಿ ಹುಡುಕ್ತಿದ್ದೆ. ಈಗ ನೀನಿಲ್ಲಿ ಒಬ್ಬಳೇ. ನಿನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ, ಹೇಳು?"

ಅವಳು ಸೂಪನ್ನು ಮತ್ತೆ ಬಿಸಿ ಮಾಡಿ ತಂದಿಟ್ಟಳು. ಅವನು ತಿಂದ.

ನವೆಂಬರಿನಲ್ಲಿ ಎರಡು ಜರ್ಮನಿಗಳ ನಡುವಿನ ಗೋಡೆಯ ಬಾಗಿಲೇ ತೆರೆಯಿತು. ಊರಿಗೆ ಊರೇ ಬೀದಿಗಿಳಿದು ಕುಣಿಯಿತು. ಎಂಬತ್ತು ದಿನ ಕಾದಿದ್ದರೆ ಎಲ್ಲರೂ ಒಟ್ಟಿಗೆ ಟಿಕೆಟು ಕೊಂಡು ಹೋಗಬಹುದಾಗಿತ್ತು. ರೋಸ್ವಿಟಾ ರೈಲಿನಲ್ಲಿ ನಿಂತುಕೊಂಡೇ ಹೋದಳು. ನಿಲ್ದಾಣದಲ್ಲಿ ಎಕಾರ್ಟ್ ಕೈ ಚಾಚಿದ. ಅವಳು ಅದನ್ನು ಹಿಡಿಯದೆ ಮಂಡಿಯೂರಿ ಕೂತು ಮಗಳನ್ನು ಕರೆದಳು.

ಮಗು ಅಪ್ಪನ ಕೋಟಿನ ಹಿಂದೆ ಸರಿದು ನಿಂತಿತು. ಕೆನ್ನೆ ತುಂಬಿಕೊಂಡಿತ್ತು, ಉಸಿರು ಸದ್ದಿಲ್ಲದೆ ಆಡುತ್ತಿತ್ತು.

"ಹಿಂದೇನೇ ಬರ್ತೀನಿ ಅಂದಿದ್ದೆ ನೀನು," ಎಂದಿತು.

"ಹೌದು ಪುಟ್ಟಿ, ಅಂದಿದ್ದೆ," ಎಂದಳು ರೋಸ್ವಿಟಾ. ಮಗು ತಾನಾಗಿ ಹತ್ತಿರ ಬರುವವರೆಗೂ ತಣ್ಣನೆಯ ಕಲ್ಲುಹಾಸಿನ ಮೇಲೆ ಹಾಗೆಯೇ ಕೂತಿದ್ದಳು. ಬಹಳ ಹೊತ್ತು ಹಿಡಿಯಿತು.