ಬೆಳ್ಳಿಯ ಹೆಬ್ಬಾತು

ಆ ದಿನ ಬೆಳಗ್ಗೆ ಬುದಾಪೆಸ್ಟಿನ ಮೇಲೆ ಓರೆಯಾಗಿ ಬೀಳುತ್ತಿದ್ದುದು ಮಳೆಯೂ ಅಲ್ಲ, ಹಿಮವೂ ಅಲ್ಲ. ಯಹೂದಿಗಳ ಸ್ಮಶಾನದಲ್ಲಿ, ತಾಯಿಗಾಗಿ ತೋಡಿದ ಗುಂಡಿಯ ಪಕ್ಕ, ಇಲ್ಕಾ ಬೆಳ್ಳಿಯ ಬ್ರೂಚ್ ಪಿನ್ನು ಚುಚ್ಚಿದ್ದ ಕೋಟಿನ ಎದೆಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದಳು. ಎದುರಿಗೆ ಸ್ಮಶಾನದ ಮುದಿ ಸೇವಕ ಸಣ್ಣ ಚಾಕು ಹಿಡಿದು ಕಾಯುತ್ತಿದ್ದ.

“ಆ ಬ್ರೂಚ್ ತೆಗೀರಮ್ಮ. ನಮ್ಮಲ್ಲಿ ಹೆತ್ತೋರು ಹೋದಾಗ ಎದೆ ಮೇಲಿನ ಬಟ್ಟೆ ಹರೀಬೇಕು.”

“ಅದಕ್ಕೆ ದುಃಖ ಇರ್ಬೇಕಲ್ವಾ? ನಂಗೆ ಇರೋದು ಸಿಟ್ಟು.”

“ಸಿಟ್ಟಿಗೂ ಇದೇ ಚಾಕು,” ಎಂದ ಮುದುಕ.

“ಹಠ ಬ್ಯಾಡ ಮಗಾ,” ಎಂದಳು ಪಕ್ಕದಲ್ಲಿದ್ದ ತೆರ್ಕಾ, ಶಾಲಿನೊಳಗೆ ಜಪಮಾಲೆ ತಿರುವುತ್ತ. ಇಲ್ಕಾಗೆ ಮೊಲೆಹಾಲು ಕೊಡಲೆಂದು ಹಳ್ಳಿಯಿಂದ ಬಂದವಳು ಆ ಮನೆಯ ಅಡುಗೆಮನೆಯಲ್ಲೇ ಮುದುಕಿಯಾಗಿದ್ದಳು. “ಸತ್ತೋರ ಮುಂದೆ ಗೆದ್ದೋರು ಯಾರವ್ರೆ?”

“ಆಮೇಲೆ ನೋಡೋಣ,” ಎಂದಳು ಇಲ್ಕಾ. ಮುದುಕ ಚಾಕು ಮಡಚಿದ.

ಶವಪೆಟ್ಟಿಗೆಯಲ್ಲಿ ಮಲಗಿದ್ದ ತಾಯಿ, ಡಾಕ್ಟರ್ ಗಿಜೆಲ್ಲಾ ಬಾರ್ತಾ, ಮನಸ್ಸಿನ ಗಂಟು ಬಿಡಿಸುವ ವಿದ್ಯೆಗೆ ಮೊದಮೊದಲು ಕೈಹಾಕಿದ ಹೆಂಗಸರಲ್ಲಿ ಒಬ್ಬಳು. ಮಕ್ಕಳ ಗೋಳು ಕೇಳುವುದಕ್ಕೆ ಹೆಂಗಸೇ ಸಾಕು ಎಂದು ಗಂಡಸರು ನಕ್ಕಿದ್ದರು. ಅವಳು ಕುರ್ಚಿ ಬಿಟ್ಟಿಳಿದು ಮಕ್ಕಳ ಜೊತೆ ನೆಲದ ಮೇಲೆ ಕೂತಳು. ಹತ್ತು ವರ್ಷದಲ್ಲಿ ನಕ್ಕವರೂ ನೆಲಕ್ಕಿಳಿದರು.

ದಪ್ಪ ಕೈಯ ರೊಟ್ಟಿಯಂಗಡಿಯವನೊಬ್ಬ ಬಂದು ಇಲ್ಕಾಳ ಮುಂದೆ ಬಿಕ್ಕಿದ. “ಚಿಕ್ಕಂದಿನಲ್ಲಿ ನಾನು ಮೂಗನ ಹಾಗಿದ್ದೆ. ದಿನಾ ಒಂದು ಗಂಟೆ ನಂಗೋಸ್ಕರ ಕೂತಿರ್ತಿದ್ರು ನಿಮ್ಮ ತಾಯಿ. ವರ್ಷವಿಡೀ ತುಟಿ ಬಿಚ್ಚಲಿಲ್ಲ ನಾನು. ಕಾದ್ರು.”

ಇಲ್ಕಾ, “ಪುಣ್ಯವಂತರು ನೀವು,” ಎಂದಳು.

*

ಅಮ್ಮ ಮನೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಕೋಣೆಗೆ ಒಂದರ ಹಿಂದೊಂದು ಎರಡು ಬಾಗಿಲು, ಎರಡಕ್ಕೂ ಹತ್ತಿ ತುಂಬಿದ ಚರ್ಮದ ಹೊದಿಕೆ. ಒಳಗಿನ ಮಾತು ಹೊರಗೆ ಬಾರದು, ಹೊರಗಿನ ಅಳು ಒಳಗೆ ಹೋಗದು. ಮಗಳಿಗೆ ಸಿಗುತ್ತಿದ್ದುದು ಬೆಳಗಿನ ಕಾಫಿಯ ಹೊತ್ತು. ಆಗಲೂ ಮುಖಕ್ಕೆ ಪತ್ರಿಕೆ ಅಡ್ಡ. ಮಂಡಿ ತರಚಿತು ಎಂದರೆ ಪತ್ರಿಕೆ ಅಲುಗದು. ಹಲ್ಲು ಬಿತ್ತು ಎಂದರೂ ಅಲುಗದು. ಆರು ವರ್ಷದವಳಿದ್ದಾಗ ಒಂದು ದಿನ, “ಅಮ್ಮಾ, ನಂಗೊಂದು ಕನಸು ಬಿತ್ತು,” ಎಂದಳು.

ಪತ್ರಿಕೆ ಇಳಿಯಿತು.

“ಹೇಳು ಚಿನ್ನ.”

ಕನಸೇನೂ ಬಿದ್ದಿರಲಿಲ್ಲ. ಹಿಂದಿನ ಸಂಜೆ ಒಲೆಯ ಮುಂದೆ ತೆರ್ಕಾ ತನ್ನ ಕನಸು ಹೇಳಿಕೊಂಡು ಅತ್ತಿದ್ದಳು. ಹೆಪ್ಪುಗಟ್ಟಿದ ನದಿಯ ಮೇಲೆ ಬಿಳಿ ಹೆಬ್ಬಾತು, ಮಂಜುಗಡ್ಡೆಯ ಕೆಳಗೆ ಅದರ ಮರಿ. ತಾಯಿ ಕೊಕ್ಕಿನಿಂದ ಕುಟ್ಟುತ್ತದೆ, ಕುಟ್ಟುತ್ತದೆ, ಒಡೆಯದು. ಹುಡುಗಿ ಅದನ್ನೇ ತನ್ನದೆಂದು ಒಪ್ಪಿಸಿದಳು. ಅಮ್ಮ ಅವತ್ತು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ರೋಗಿಯೊಬ್ಬ ಹೊರಗೆ ಕಾಯಬೇಕಾಯಿತು.

ಆ ಕನಸಿನ ಅರ್ಥ ಬಿಡಿಸಿ ಅಮ್ಮ ಬರೆದ ಪುಸ್ತಕ ದೇಶದೇಶ ಸುತ್ತಿತು. ಹುಡುಗಿಗೆ ಅಮ್ಮನಿಂದ ಬೆಳ್ಳಿಯ ಹೆಬ್ಬಾತಿನ ಬ್ರೂಚ್ ಬಂತು. ದೀಪದ ಬುಡದಲ್ಲೇ ಕತ್ತಲೆ; ಅಡುಗೆಮನೆಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ತೆರ್ಕಾಗೆ ಓದು ಬಾರದು.

*

ಗುಂಡಿಯ ಆಚೆ, ತಾಯಿಯ ಸಹೋದ್ಯೋಗಿ ಡಾಕ್ಟರ್ ಲಿಗೆತಿ ಭಾಷಣಕ್ಕೆ ನಿಂತಿದ್ದ.

“ಆ ಕನಸನ್ನ ಯಾರು ಮರೀತಾರೆ? ಮಂಜುಗಡ್ಡೆ ಮೇಲೆ ಬಿಳಿ ಹೆಬ್ಬಾತು, ಕೆಳಗೆ ಮರಿ! ಹುಟ್ಟಬಹುದಾದ ತಮ್ಮ ಸಾಯ್ಲಿ ಅನ್ನೋ ಗುಪ್ತ ಆಸೆ ಅದು ಅಂತ ನಮ್ಮ ಗಿಜೆಲ್ಲಾ ತೋರಿಸಿಕೊಟ್ರು.”

ತೆರ್ಕಾಳ ಜಪಮಾಲೆ ನಿಂತಿತು.

“ಮಗಾ, ನನ್ನ ಕನಸು ಈವಯ್ಯನ ಬಾಯಿಗೆ ಹೆಂಗ್ ಬಂತು?” ಅವಳು ಇಲ್ಕಾಳ ತೋಳು ಹಿಡಿದಳು. “ಸಾಯ್ಲಿ ಅಂತ ಆಸೆಪಟ್ನಾ ನಾನು? ನನ್ನ ಕೂಸು ಸಾಯ್ಲಿ ಅಂತ?”

ಇಲ್ಕಾಳ ದನಿ ಸ್ಮಶಾನವನ್ನೇ ಸೀಳಿತು. “ಸಾಕು ನಿಲ್ಸಿ ಡಾಕ್ಟ್ರೇ! ಆ ಕನಸು ನಂದಲ್ಲ, ಇವಳದು. ಇವಳ ಹಾಲು ನಾನು ಕುಡಿದೆ, ಇವಳ ಕೂಸು ಹಳ್ಳೀಲಿ ಹಾಲಿಲ್ದೆ ಸತ್ತಿತು. ಲೋಕದ ಮಕ್ಕಳನ್ನೆಲ್ಲ ಕೇಳಿದ ನಮ್ಮಮ್ಮ, ಒಲೆ ಮುಂದೆ ಅಳೋಳನ್ನ ಒಂದಿನಾನೂ ಯಾಕೆ ಅಂತ ಕೇಳಲಿಲ್ಲ!”

ಲಿಗೆತಿ ಮರುಕದಿಂದ ನಕ್ಕ. “ಇಷ್ಟು ಜೋರಾಗಿ ಅಲ್ಲಗಳೀತಿದೀಯಲ್ಲಮ್ಮ, ಕನಸು ನಿಂದೇ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?”

ಸುತ್ತಲಿನ ಕರಿ ಟೋಪಿಗಳೆಲ್ಲ ಹೌದೆಂದು ತಲೆದೂಗಿದವು. ಅವನನ್ನೂ ಆ ಗುಂಡಿಗೇ ನೂಕಿಬಿಡಬೇಕು ಎನಿಸಿತು ಇಲ್ಕಾಗೆ. ಹಲ್ಲು ಕಚ್ಚಿ ಇತ್ತ ತಿರುಗಿದಳು.

ತೆರ್ಕಾ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. “ಅಮ್ಮಾವ್ರು ಒಂದ್ಸಲ ಕೇಳಿದ್ರೆ ಹೇಳ್ತಿದ್ದೆ,” ಎಂದಳು. “ನೀನಾದ್ರೂ ಹೇಳ್ಬೋದಿತ್ತು ಮಗಾ.”

ಇಲ್ಕಾ ಮರಗಟ್ಟಿದ ಬೆರಳಿನಿಂದ ಬ್ರೂಚ್ ಬಿಚ್ಚಿದಳು. ಸೇವಕನಿಗೆ ಎದೆಯೊಡ್ಡಿ, “ಈಗ ಹಾಕಿ ಚಾಕು,” ಎಂದಳು. ಅವನು ಕೋಟಿನ ಅಂಚನ್ನು ಸ್ವಲ್ಪ ಸೀಳಿದ. ಉಳಿದದ್ದನ್ನು ಅವಳೇ ಒಂದೇ ಎಳೆತಕ್ಕೆ ಹರಿದಳು.

ಆಮೇಲೆ ತೆರ್ಕಾಳ ಅಂಗೈ ಬಿಡಿಸಿ, ಬೆಳ್ಳಿಯ ಹೆಬ್ಬಾತನ್ನು ಅದರಲ್ಲಿಟ್ಟಳು. ಮುದುಕಿ ಅದರ ಮೇಲೆ ಬಿದ್ದ ಮಂಜುಹನಿಯನ್ನು ಹೆಬ್ಬೆರಳಿನಿಂದ ಒರೆಸಿ, ಶಾಲಿನೊಳಗೆ, ಎದೆಯ ಬಿಸಿಗೆ ಸೇರಿಸಿಕೊಂಡಳು.